ಬಾಲವಿಲ್ಲದ ವಿಳಾಸಗಳು

ಸತ್ತವಳಿಗೆ ಕನ್ನಡಕದ ಚಿಂತೆ ಏಕೆ?

ಬೆಳಿಗ್ಗೆಯಿಂದ ಪತ್ತೇದಾರ ಆ ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಮಗುಚಿ ಹಾಕುತ್ತಿದ್ದ. ಈ ಮಗ್ಗುಲಿಗೆ ಹೊರಳಿಸಿದರೆ ಅದು ಸುಳಿವು. ಆ ಮಗ್ಗುಲಿಗೆ ಹೊರಳಿಸಿದರೆ ಬರೀ ಆಸೆ. ಆಸೆಯನ್ನೇ ಸುಳಿವೆಂದು ನಂಬಿ ಕೆಟ್ಟವರು ಈ ಕಸುಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಸಾಲಿನ ತುದಿಗೆ ಹೋಗಿ ನಿಲ್ಲುವ ಇಷ್ಟ ಅವನಿಗಿರಲಿಲ್ಲ.

ಪರದೆಯ ಬಲಗಡೆ, ‘ನಿಮ್ಮಂಥವರು ಉಳಿಸಿದ್ದು’ ಎಂಬ ಸಾಲಿನ ಕೆಳಗೆ ಒಂದು ಪುಟ ಬಂದು ಕುಳಿತಿತ್ತು: ‘ಮುರಿದ ಕನ್ನಡಕದ ಕಡ್ಡಿಯನ್ನು ಮನೆಯಲ್ಲೇ ಜೋಡಿಸುವ ಬಗೆ.’ ಅದನ್ನು ಉಳಿಸಿದವರಿಗೆ ಹೆಸರಿರಲಿಲ್ಲ. ಹೆಸರು ಕೊಡದವರ ಖಾತೆಗೆ ಈ ತಾಣವೇ ಒಂದು ಪ್ರಾಣಿಯ ಚಿತ್ರ ಅಂಟಿಸಿಬಿಡುತ್ತದೆ. ಇವರ ಪಾಲಿಗೆ ಬಂದದ್ದು ಬಸವನಹುಳು.

ಸೇತುವೆಯ ಮೇಲೆ ಸಿಕ್ಕ ಕೈಚೀಲದಲ್ಲಿ ಇದ್ದದ್ದು, ಕತ್ತರಿ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸಿನ ಹೊಸ ಕನ್ನಡಕ. ಹಳೆಯದರ ಕಡ್ಡಿ ಮುರಿದಿತ್ತು, ಅದಕ್ಕೇ ಹೊಸದು ಮಾಡಿಸಿದ್ದಳು. ಮುರಿದ ಹಳೆಯದು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ನದಿಯಲ್ಲಿ ಹೆಣ ಸಿಕ್ಕಿರಲಿಲ್ಲ. ಆದರೂ ‘ಹಾರಿಕೊಂಡಳು’ ಎಂದು ಊರು ತೀರ್ಮಾನಿಸಿತ್ತು. ‘ತಪ್ಪು ಮಾಡಿ ಹಾರಿಕೊಂಡಳು’ ಎಂದು ಅವಳು ಕೆಲಸಕ್ಕಿದ್ದ, ಈ ತಾಣ ನಡೆಸುವ ಕಂಪನಿ ತೀರ್ಮಾನಿಸಿತ್ತು. ಆ ಎರಡನೆಯ ಮಾತಿಗೆ ಮೊಹರು ಒತ್ತಿಸಿಕೊಳ್ಳಲೆಂದೇ ಕಂಪನಿ ಪತ್ತೇದಾರನನ್ನು ಕರೆಸಿಕೊಂಡಿತ್ತು. ಇವತ್ತು ಮಧ್ಯಾಹ್ನ ಅವನು ವರದಿಗೆ ಸಹಿ ಹಾಕಬೇಕು.

ಅವಳು ಬದುಕಿದ್ದರೆ ಒಳ್ಳೆಯದೇ. ಆದರೆ ಬದುಕಿದ್ದೂ ಏಕೆ ಬಾಯಿ ಬಿಡುತ್ತಿಲ್ಲ? ತಪ್ಪಿಲ್ಲದವರು ಅಡಗಿ ಕೂರುತ್ತಾರೆಯೆ? ಅಥವಾ ತಪ್ಪಿಲ್ಲದವರೇ ಹೆಚ್ಚು ಅಡಗಬೇಕಾಗಿ ಬರುತ್ತದೆಯೆ?

“ಏನಪ್ಪಾ ಮೌನಪ್ಪ, ಆ ಪರದೇನ ನುಂಗಿಬಿಡ್ತೀಯಾ ಏನು?”

ಕಿಟಕಿಯ ಪಕ್ಕದ ಮೇಜಿನಿಂದ ಚಿಕ್ಕಮ್ಮ ಕೂಗಿದಳು. ಕಟ್ಟಡದ ಕಾವಲುಗಾರನಿಂದ ಹಿಡಿದು ಯಜಮಾನನವರೆಗೆ ಎಲ್ಲರಿಗೂ ಅವಳು ಚಿಕ್ಕಮ್ಮನೇ. ಆಯ್ಕೆ ಕೋಣೆಯಲ್ಲಿ ಈಗ ಉಳಿದವಳು ಅವಳೊಬ್ಬಳು. ಎದುರಿನ ಮೇಜು ಕತ್ತರಿಯದು. ಅದರ ಮೇಲಿದ್ದ ಕಂಪ್ಯೂಟರನ್ನು ಕಂಪನಿಯವರು ಕಿತ್ತುಕೊಂಡು ಹೋಗಿದ್ದರು. ಕುರ್ಚಿಯ ಬೆನ್ನಿಗೆ ಹಾಕಿದ್ದ ಬೂದು ಸ್ವೆಟರು ಮಾತ್ರ ಹಾಗೇ ಇತ್ತು. ಅದನ್ನು ಮುಟ್ಟಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಈ ತಾಣದಲ್ಲಿ ಏನನ್ನಾದರೂ ಹುಡುಕಿದರೆ ಅದು ಪುಟಗಳನ್ನು ತಂದು ಸುಮ್ಮನೆ ಸುರಿಯುವುದಿಲ್ಲ. ನಿಮ್ಮಂಥ ಅಭಿರುಚಿಯವರು, ನಿಮ್ಮಂಥದೇ ಕಷ್ಟದಲ್ಲಿ ಇರುವವರು ಏನನ್ನು ಮೆಚ್ಚಿ ಉಳಿಸಿಕೊಂಡರೋ ಅದನ್ನು ಮೊದಲು ಮುಂದಿಡುತ್ತದೆ. ಗೊತ್ತಿಲ್ಲದ ಊರಿನಲ್ಲಿ ದಾರಿ ಕೇಳುವಾಗ ನಮ್ಮ ಹಾಗೇ ಕಾಣುವವರನ್ನು ಹುಡುಕಿ ಕೇಳುತ್ತೇವಲ್ಲ, ಹಾಗೆ. ಅದೆಲ್ಲದರ ಮೇಲುಗಡೆ, ಅಂಗಡಿಯ ಎದುರಿಗೆ ಜೋಡಿಸಿಟ್ಟಂತೆ, ಕೈಯಾರೆ ಆರಿಸಿದ ಕೆಲವು ಪುಟಗಳಿರುತ್ತವೆ. ಅದರ ಹೆಸರು ಮುಂಗಟ್ಟು. ಅದನ್ನು ಜೋಡಿಸುವುದು ಆಯ್ಕೆ ಕೋಣೆಯ ಕೆಲಸ.

ಆ ಮುಂಗಟ್ಟಿನಲ್ಲಿ ಒಂದು ದಿನ ‘ಮಾತ್ರೆ ಬಿಡಿ, ಪುಡಿ ಹಿಡಿಯಿರಿ’ ಎಂಬ ಪುಟ ಕಾಣಿಸಿಕೊಂಡಿತ್ತು. ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದ ಬಸ್ ಡ್ರೈವರ್ ಒಬ್ಬ ಅದನ್ನು ನಂಬಿ ಮಾತ್ರೆ ಬಿಟ್ಟ. ಬಚ್ಚಲಿನಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಪುಟವನ್ನು ಮುಂಗಟ್ಟಿಗೆ ಇಟ್ಟದ್ದು ಕತ್ತರಿಯ ಕೀಲಿಯಿಂದ, ಅಂದರೆ ಅವಳ ಗುಪ್ತಪದದಿಂದ.

“ಚಿಕ್ಕಮ್ಮ, ಈ ಕನ್ನಡಕದ ಪುಟ ನನಗ್ಯಾಕೆ ತೋರಿಸ್ತಿದೆ?”

“ಪಕ್ಕದಲ್ಲೇ ‘ಏಕೆ’ ಅಂತ ಗುಂಡಿ ಇದೆಯಲ್ಲೋ. ಪತ್ತೇದಾರನಂತೆ! ಮೂಗಿನ ತುದಿ ಕಾಣಲ್ಲ.”

ಅವನು ಒತ್ತಿದ. ‘ನಿಮ್ಮಂತೆಯೇ ಉಳಿಸುವ ಒಬ್ಬರು ಇದನ್ನು ಉಳಿಸಿದ್ದಾರೆ’ ಎಂದು ಬಂತು.

ನಿಮ್ಮಂತೆಯೇ. ತನಿಖೆಗೆಂದು ಕಂಪನಿ ಅವನಿಗೆ ಕೊಟ್ಟಿದ್ದು ಕತ್ತರಿಯ ಹಳೆಯ ಖಾತೆಯ ನಕಲು. ಅವಳು ವರ್ಷಗಟ್ಟಲೆ ಉಳಿಸಿಕೊಂಡಿದ್ದೆಲ್ಲ ಅದರಲ್ಲಿತ್ತು. ಹಾಗಾಗಿ ತಾಣದ ಲೆಕ್ಕದಲ್ಲಿ ಈಗ ಅವನೇ ಕತ್ತರಿ.

ಕತ್ತರಿಯಂತೆಯೇ ಉಳಿಸುವ ಇನ್ನೊಬ್ಬರು ಯಾರು?

ಚಿಕ್ಕಮ್ಮ ಕುರ್ಚಿಯನ್ನು ಉರುಳಿಸಿಕೊಂಡು ಹತ್ತಿರ ಬಂದಳು. ಪರದೆಗೆ ಬೆರಳು ಇಟ್ಟಳು.

“ವಿಳಾಸ ನೋಡು. ಬಾಲ ಇಲ್ಲ.”

“ಅಂದ್ರೆ?”

“ಒಂದು ಪುಟಾನ ಯಾರಾದ್ರೂ ಇನ್ನೊಬ್ಬರಿಗೆ ಕಳಿಸಿದ್ರೆ ಅದರ ವಿಳಾಸದ ತುದಿಗೆ ಉದ್ದಕ್ಕೆ ಅಂಕಿ ಅಕ್ಷರ ಎಲ್ಲ ಅಂಟ್ಕೊಳ್ಳುತ್ತೆ. ಎಲ್ಲಿಂದ ಹೊರಟಿತು, ಯಾರ ಮೇಜಿಂದ, ಯಾವ ಜಾಹೀರಾತಿಂದ, ಎಲ್ಲ ಅದರಲ್ಲಿರುತ್ತೆ. ಅದೇ ಬಾಲ. ಜನ ಬಾಲದ ಸಮೇತ ಉಳಿಸ್ಕೊಳ್ತಾರೆ, ಅವರಿಗೇನು? ಈ ಕೋಣೆಯಲ್ಲಿ ಮಾತ್ರ ನಾವು ಕತ್ತರಿಸಿ ಉಳಿಸ್ತೀವಿ. ಅವಳು ಹಾಕಿಕೊಟ್ಟ ಪದ್ಧತಿ. ‘ಪುಟದ ಯೋಗ್ಯತೆ ನೋಡಿ, ಕಳಿಸಿದವರ ಮುಖ ನೋಡಬೇಡಿ’ ಅಂತಿದ್ಳು. ಅವಳಿಗೆ ಕತ್ತರಿ ಅಂತ ಹೆಸರು ಬಂದಿದ್ದು ಮತ್ತೆ ಯಾತಕ್ಕೆ ಅಂದ್ಕೊಂಡೆ? ನಾಲಿಗೆಗೂ ಬಂತು ಅನ್ನು, ಅದು ಬೇರೆ ಮಾತು.”

“ಬಾಲ ಕತ್ತರಿಸಿದ್ರೆ ಯಂತ್ರಕ್ಕೆ ಗೊತ್ತಾಗುತ್ತಾ?”

“ನಮ್ಮ ಯಂತ್ರದ ಬುದ್ಧಿ ಅಷ್ಟಕ್ಕಷ್ಟೆ. ಬಾಲ ಇದ್ರೆ ಒಂದು ಪುಟ, ಇಲ್ದಿದ್ರೆ ಬೇರೆ ಪುಟ ಅಂದ್ಕೊಳ್ಳುತ್ತೆ. ಸರಿ ಮಾಡಿ ಅಂತ ಅದನ್ನ ಕಟ್ಟಿದ ಮೇಷ್ಟ್ರಿಗೆ ಹೇಳಿ ಹೇಳಿ ನಾಲಿಗೆ ಸವೀತು. ಅದಕ್ಕೇ ಬಾಲ ಇಲ್ಲದೋರಿಗೆ ಬಾಲ ಇಲ್ಲದೋರೇ ಜೊತೆ.”

“ಇಡೀ ತಾಣದಲ್ಲಿ ಒಂದೊಂದು ಪುಟಕ್ಕೂ ಬಾಲ ಕತ್ತರಿಸಿ ಉಳಿಸೋರು ಎಷ್ಟು ಜನ?”

“ಇದ್ದಿದ್ದೇ ಇಬ್ಬರು.” ಚಿಕ್ಕಮ್ಮ ಸ್ವೆಟರಿನ ಕಡೆ ನೋಡಿದಳು. “ಈಗ ನಾನೊಬ್ಬಳು.”

“ಹಾಗಾದ್ರೆ ಈ ಬಸವನಹುಳು ನೀವೇನಾ?”

“ನಾನಾ? ನನ್ನ ಕಣ್ಣು ಗಿಡುಗನ ಕಣ್ಣು. ನನಗ್ಯಾಕೆ ಕನ್ನಡ...”

ಮಾತು ಅಲ್ಲೇ ನಿಂತಿತು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

“ಬದುಕಿದ್ದಾಳಾ?”

ಪತ್ತೇದಾರ ಜೇಬಿನಿಂದ ತನ್ನ ಫೋನು ತೆಗೆದ. ಅದರಲ್ಲಿ ಬಸವನಹುಳುವಿನ ಸಂಗ್ರಹವನ್ನು ತೆರೆದು ತೋರಿಸಿದ. ನಾಲ್ಕೇ ಪುಟಗಳು. ಕನ್ನಡಕದ ಕಡ್ಡಿ ಒಂದು. ಕಿರುಗುಟ್ಟುವ ಬಾಗಿಲಿನ ಸದ್ದು ನಿಲ್ಲಿಸುವುದು ಇನ್ನೊಂದು. ಮಂದ ಬೆಳಕಿನಲ್ಲಿ ಓದಿದರೆ ಕಣ್ಣಿಗೆ ಏನಾಗುತ್ತದೆ ಎಂಬುದು ಮೂರನೆಯದು. ನಾಲ್ಕನೆಯದು, ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರ ಹಕ್ಕುಗಳು.

ನಿನ್ನೆ ಸಂಜೆಯಿಂದ ಅವನು ಕಂಪನಿ ಕೊಟ್ಟ ಖಾತೆಯಲ್ಲಿ ಆ ನಾಲ್ಕನ್ನೂ ಮತ್ತೆ ಮತ್ತೆ ತೆರೆದು ನೋಡಿದ್ದ. ಮುರಿದ ಕನ್ನಡಕ, ಸದ್ದಾಗಬಾರದ ಬಾಗಿಲು, ಸಾಲದ ಬೆಳಕು. ಒಂದು ಕೋಣೆಯೇ ಕಣ್ಣಿಗೆ ಕಟ್ಟುತ್ತಿತ್ತು. ಅದರೊಳಗೆ, ಕಡ್ಡಿಯಿಲ್ಲದ ಕನ್ನಡಕವನ್ನು ಒಂದು ಕೈಯಲ್ಲಿ ಮೂಗಿನ ಮೇಲೆ ಹಿಡಿದುಕೊಂಡು ಓದುತ್ತಿರುವ ಹೆಂಗಸು.

“ಅಯ್ಯೋ ಹುಚ್ಚಿ,” ಎಂದಳು ಚಿಕ್ಕಮ್ಮ. ಕಣ್ಣು ಒರೆಸಿಕೊಂಡಳು. “ಹೆಸರು ಬದಲಾಯಿಸಿದ್ಳು, ಮನೆ ಬಿಟ್ಳು, ಸತ್ತೂ ಹೋದ್ಳು. ಬಾಲ ಕತ್ತರಿಸೋದು ಮಾತ್ರ ಬಿಡಲಿಲ್ಲ ನೋಡು. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ.”

ಮೇಜಿನ ಫೋನು ಬಡಿದುಕೊಂಡಿತು. ಮೇಲಿನ ಮಹಡಿಯಿಂದ. ಯಜಮಾನರು ಕಾಯುತ್ತಿದ್ದಾರೆ.

ಮೆಟ್ಟಿಲು ಹತ್ತುವಾಗ ಅವನಿಗೆ ಸತ್ತ ಡ್ರೈವರನ ಹೆಂಡತಿಯ ನೆನಪಾಯಿತು. ಟೈಲರಮ್ಮ ಎಂದೇ ಅವಳನ್ನು ಎಲ್ಲರೂ ಕರೆಯುವುದು. ಹೊಲಿಗೆ ಯಂತ್ರದ ಮುಂದೆ ಕುಳಿತು, ತಲೆ ಎತ್ತದೆ ಅವಳು ಹೇಳಿದ್ದಳು: “ನಮ್ಮನೆಯವರು ಡಾಕ್ಟರ ಮಾತು ಕೇಳೋರಲ್ಲ, ನನ್ನ ಮಾತಂತೂ ಇಲ್ವೇ ಇಲ್ಲ. ‘ನೋಡೇ, ನನ್ನಂಥೋರು ಇಷ್ಟು ಜನ ಇದನ್ನ ಮೆಚ್ಚಿದಾರೆ’ ಅಂತ ಫೋನು ತೋರಿಸಿದ್ರು. ಅವರಂಥೋರು ಅದೆಲ್ಲಿದ್ರೋ ಸ್ವಾಮಿ. ಒಬ್ಬರೂ ಮಣ್ಣಿಗೆ ಬರಲಿಲ್ಲ.”

ಕಂಪನಿಯ ಮೇಲೆ ಅವಳು ಹೂಡಿದ ಮೊಕದ್ದಮೆ ಮುಂದಿನ ವಾರ. ಕತ್ತರಿ ತಪ್ಪಿತಸ್ಥೆ, ಅವಳು ಸತ್ತಿದ್ದಾಳೆ ಎಂದಾದರೆ ಅಲ್ಲಿಗೆ ಎಲ್ಲ ಮುಗಿಯಿತು. ಸತ್ತವರ ಮೇಲೆ ಯಾರು ದಾವೆ ನಡೆಸುತ್ತಾರೆ?

ಯಜಮಾನನ ಕೋಣೆಯಲ್ಲಿ ತಂಪಿತ್ತು, ನೆಲಕ್ಕೆ ದಪ್ಪನೆಯ ಹಾಸುಗಂಬಳಿ ಇತ್ತು. ಹೆಜ್ಜೆಯ ಸದ್ದು ಅದರಲ್ಲಿ ಇಂಗಿಹೋಗುತ್ತಿತ್ತು. ಮೂಲೆಯ ಪುಟ್ಟ ಮೇಜಿನಲ್ಲಿ ಮೇಷ್ಟ್ರು ಕಂಪ್ಯೂಟರಿಗೆ ಮುಖ ಹುದುಗಿಸಿ ಕುಳಿತಿದ್ದರು. ಹಿಂದೆ ಗಣಿತ ಕಲಿಸುತ್ತಿದ್ದವರು. ಯಾರಿಗೆ ಯಾವ ಪುಟ ತೋರಿಸಬೇಕೆಂದು ಲೆಕ್ಕ ಹಾಕುವ ಯಂತ್ರ ಅವರ ಕೈಯಲ್ಲೇ ಬೆಳೆದದ್ದು.

“ಬನ್ನಿ ಬನ್ನಿ. ಮನೆಯವರ ಹಾಗೆ ಕೂತ್ಕೊಳ್ಳಿ,” ಎಂದ ಯಜಮಾನ. ಒಳ್ಳೆಯ ಬಟ್ಟೆ, ಒಳ್ಳೆಯ ಹಲ್ಲು, ಒಳ್ಳೆಯ ಮಾತು. “ನಾವೆಲ್ಲ ಒಂದೇ ಮನೆಯವರು. ಮನೇಲಿ ಒಂದು ಕೆಟ್ಟದ್ದಾಯ್ತು. ಮರೆತು ಮುಂದೆ ಹೋಗೋಣ. ಇಲ್ಲೊಂದು ಸಹಿ.”

ವರದಿ ಅಚ್ಚಾಗಿಯೇ ಸಿದ್ಧವಿತ್ತು. ಪತ್ತೇದಾರ ಅದನ್ನು ಮುಟ್ಟಲಿಲ್ಲ.

“ಒಂದು ಅನುಮಾನ ಉಳಿದಿದೆ.”

“ಕೇಳಿ.”

“ಆ ಪುಡಿಯ ಪುಟವನ್ನ ಉಳಿಸಿದ ‘ಡ್ರೈವರಂಥೋರ’ ಖಾತೆಗಳು ಮುನ್ನೂರು. ಅದರಲ್ಲಿ ಒಬ್ಬರು ಉಳಿಸಿದ ವಿಳಾಸಕ್ಕೂ ಬಾಲ ಇಲ್ಲ.”

“ಅದೇ ಅಲ್ವೇ ಸಾಕ್ಷಿ? ಅವಳು ಬಾಲ ಕತ್ತರಿಸಿ ಮುಂಗಟ್ಟಿಗೆ ಇಟ್ಟಳು. ಜನ ಅಲ್ಲಿಂದ ಎತ್ಕೊಂಡ್ರು. ಬಾಲ ಎಲ್ಲಿಂದ ಬರಬೇಕು?”

“ಮುಂಗಟ್ಟಿಗೆ ಬಂದ ಮೇಲೆ ಎತ್ಕೊಂಡಿದ್ರೆ ನಿಮ್ಮ ಮಾತು ಸರಿ. ಅದಕ್ಕೆ ಮೊದಲೇ ಉಳಿಸಿದ್ರೆ?”

ಯಜಮಾನ ನಕ್ಕ.

“ದಿನಾಂಕ ತೋರಿಸಿ, ಗೊತ್ತಾಗುತ್ತೆ,” ಎಂದ ಪತ್ತೇದಾರ.

“ದಿನಾಂಕ ಇಲ್ಲ. ಯಂತ್ರದಲ್ಲಿ ಜಾಗ ಸಾಲ್ತಿರಲಿಲ್ಲ. ಯಾರು ಏನು ಉಳಿಸಿದ್ರು ಅನ್ನೋದು ಸಾಕು, ಯಾವಾಗ ಅಂತ ಯಾಕೆ? ಇಡೀ ತಾಣದ್ದು ಅಳಿಸಿಬಿಟ್ವಿ.”

“ಯಾವಾಗ ಅಳಿಸಿದ್ರಿ?”

ಯಜಮಾನ ವರದಿಯ ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿದ.

“ಚೀಲ ಸಿಕ್ಕಿದ ವಾರ,” ಎಂದರು ಮೇಷ್ಟ್ರು, ಪರದೆಯಿಂದ ಕಣ್ಣು ತೆಗೆಯದೆ.

ಯಜಮಾನ ನಿಧಾನಕ್ಕೆ ಆ ಕಡೆ ತಿರುಗಿದ. “ಮೇಷ್ಟ್ರೇ, ನಿಮ್ಮನ್ನ ಯಾರು ಕೇಳಿದ್ರು?”

“ಯಾವಾಗ ಅಂತ ಕೇಳಿದ್ರೆ ಬಾಯಿಗೆ ಬಂದ್ಬಿಡುತ್ತೆ ಸಾರ್. ಮೇಷ್ಟ್ರ ಚಟ.”

ಪತ್ತೇದಾರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅವನು ಒಂದೇ ಉಸಿರಿಗೆ ಇಷ್ಟು ಮಾತಾಡುವುದು ಅಪರೂಪ.

“ನಾನು ಹೇಳ್ಲಾ? ಆ ಮುನ್ನೂರು ಜನ ಮನುಷ್ಯರೇ ಅಲ್ಲ. ನಿಮ್ಮ ಪ್ರಚಾರ ವಿಭಾಗದಲ್ಲಿ ಹುಟ್ಟಿದೋರು. ಪುಡಿ ಮಾರೋರಿಗೋಸ್ಕರ ಡ್ರೈವರಂಥೋರು, ಕೂಲಿಯೋರಂಥೋರು, ರಕ್ತದೊತ್ತಡ ಇರೋರಂಥೋರು ಅಂತ ವೇಷ ಹಾಕಿಸಿದ್ರಿ. ಅವರು ಉಳಿಸಿದ ಒಂದೊಂದು ವಿಳಾಸದ ಬಾಲದಲ್ಲೂ ಪ್ರಚಾರ ವಿಭಾಗದ ಗುರುತು ಇತ್ತು. ಕತ್ತರಿ ಅದನ್ನ ನೋಡಿದ್ಳು. ಬೇರೆಯೋರಿಗೆ ಬಾಲ ಕಣ್ಣಿಗೆ ಬೀಳಲ್ಲ. ದಿನಾ ಬಾಲ ಕತ್ತರಿಸೋಳಿಗೆ ಮೊದಲು ಕಾಣೋದೇ ಅದು. ಆಮೇಲೆ ನೀವು ಎಲ್ಲ ಬಾಲ ಕತ್ತರಿಸಿದ್ರಿ, ಅವಳ ಕೀಲಿಯಿಂದ ಪುಟಾನ ಮುಂಗಟ್ಟಿಗೆ ಇಟ್ರಿ, ಅವಳು ಕಾಣೆಯಾದ ಮೇಲೆ ದಿನಾಂಕಾನೂ ಅಳಿಸಿದ್ರಿ. ಅವಳ ಕತ್ತರೀನ ಕದ್ದು ಅವಳ ಕುತ್ತಿಗೆಗೇ ಇಟ್ರಿ.”

ಮೇಷ್ಟ್ರ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟಿದ್ದವು.

“ಕಥೆ ಚೆನ್ನಾಗಿದೆ,” ಎಂದ ಯಜಮಾನ. ನಗು ಇನ್ನೂ ಇತ್ತು, ಆದರೆ ಹಲ್ಲಿನವರೆಗೆ ಮಾತ್ರ. “ಬಾಲ ಈಗ ಇಲ್ಲ. ದಿನಾಂಕ ಇಲ್ಲ. ಕಥೆ ಹೇಳೋಕೆ ಉಳಿದಿರೋದು ಒಬ್ಬಳೇ. ಅವಳನ್ನೇ ಕರೆಸಿ ಕೇಳಿಬಿಡೋಣ ಬಿಡಿ.”

ಪತ್ತೇದಾರ ಮೇಷ್ಟ್ರ ಪರದೆಯತ್ತ ತಿರುಗಿದ.

“ನಿಮ್ಮ ಖಾತೆ ನಾವು ಕೊಟ್ಟಿದ್ದು, ಮರೆತ್ರಾ? ನೀವು ಏನು ನೋಡ್ತೀರಿ ಅನ್ನೋದನ್ನ ನಾವೂ ನೋಡ್ತೀವಿ. ನಿನ್ನೆ ಸಂಜೆಯಿಂದ ನಾಲ್ಕೇ ನಾಲ್ಕು ಪುಟ. ಕನ್ನಡಕ, ಬಾಗಿಲು, ಬೆಳಕು, ಸಾಕ್ಷಿ. ಇಡೀ ತಾಣದಲ್ಲಿ ಆ ನಾಲ್ಕನ್ನೂ ಬಾಲ ಇಲ್ದೆ ಉಳಿಸಿರೋದು ಯಾರು ಅಂತ ಮೇಷ್ಟ್ರು ಜರಡಿ ಹಿಡೀತಿದ್ದಾರೆ. ಒಬ್ಬರೇ ಸಿಗ್ತಾರೆ, ಅಲ್ವಾ? ಯಾರು ಅಂತ ಸಿಕ್ಕಿದ್ರೆ ಎಲ್ಲಿಂದ ಅಂತಾನೂ ಸಿಗುತ್ತೆ. ಕೆಳಗೆ ಕಾರು ನಿಂತಿದೆ.” ಅವನು ಕುರ್ಚಿಗೆ ಒರಗಿದ. “ನಾವು ಸತ್ತಳು ಅಂತ ಕೈಬಿಟ್ಟಿದ್ವಿ. ದಾರಿ ತೋರಿಸಿದೋರು ನೀವು. ಥ್ಯಾಂಕ್ಸ್.”

ಹುಡುಕುವುದೆಂದರೆ ಕತ್ತಲಲ್ಲಿ ದೀಪ ಹಿಡಿದು ಹೋಗುವುದು. ದೀಪ ಹಿಡಿದವನಿಗೆ ಮುಂದಿನ ಎರಡು ಹೆಜ್ಜೆ ಕಾಣುತ್ತದೆ. ಹಿಂದೆ ಬರುವವನಿಗೆ ದೀಪ ಹಿಡಿದವನೇ ಕಾಣುತ್ತಾನೆ. ಇಷ್ಟು ವರ್ಷದ ಕಸುಬಿನಲ್ಲಿ ಈ ಸಣ್ಣ ಮಾತು ಅವನಿಗೆ ಹೊಳೆದಿರಲಿಲ್ಲ.

“ಎಷ್ಟು ಹೊತ್ತು ಮೇಷ್ಟ್ರೇ?” ಯಜಮಾನ ಕೇಳಿದ.

“ಕೋಟಿಗಟ್ಟಲೆ ಸಂಗ್ರಹ ಸಾರ್. ಸ್ವಲ್ಪ ತಾಳ್ಮೆ ಬೇಕು.”

ಪತ್ತೇದಾರ ಎದ್ದು ನಿಂತ. ಯಜಮಾನನ ಮೇಜಿನ ಮೇಲಿದ್ದ ಫೋನನ್ನೇ ಎತ್ತಿಕೊಂಡು ಆಯ್ಕೆ ಕೋಣೆಯ ಸಂಖ್ಯೆ ಒತ್ತಿದ. ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದ. ಮುಚ್ಚಿಡುವ ಕೆಲಸ ಸಾಕಾಗಿತ್ತು.

“ಚಿಕ್ಕಮ್ಮ, ನಾನು ಆಗ ತೋರಿಸಿದ ನಾಲ್ಕು ಪುಟ ಇದೆಯಲ್ಲ, ನಾಲ್ಕನ್ನೂ ಒಂದೇ ಕಟ್ಟಾಗಿ ಮುಂಗಟ್ಟಿಗೆ ಇಡಿ. ಒಂದು ಸಲ ಒತ್ತಿದ್ರೆ ನಾಲ್ಕೂ ಒಟ್ಟಿಗೆ ಉಳೀಬೇಕು. ಬಾಲ ಕತ್ತರಿಸಿ. ಎಲ್ಲಕ್ಕಿಂತ ಮೇಲೆ ಇಡಿ. ಈಗಲೇ.”

ಆ ಕಡೆ ಕೀಲಿಗಳ ಪಟಪಟ.

“ಕಟ್ಟಿಗೆ ಏನಂತ ಹೆಸರು ಇಡ್ಲಿ?”

“ನಿಮ್ಮಿಷ್ಟ.”

“‘ಇದು ನಿಮ್ಮ ಮನೆಯಲ್ಲಿ ಇಲ್ವಾ?’ ಅಂತ ಇಡ್ತೀನಿ. ಇಲ್ವಾ ಅಂದ್ರೆ ಸಾಕು, ಜನಕ್ಕೆ ಬೇಕೇ ಬೇಕು.”

ಯಜಮಾನನಿಗೆ ಅರ್ಥವಾಗುವಷ್ಟರಲ್ಲಿ ಫೋನು ನಿಂತಿತ್ತು. ಅವನು ಮೇಲೆದ್ದ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು.

“ಮೇಷ್ಟ್ರೇ! ಎಷ್ಟು ಜನ ಸಿಕ್ಕಿದ್ರು?”

“ಇನ್ನೂ ಯಾರೂ... ಹಾಂ, ಬಂತು. ಆರು ಜನ ಸಾರ್.”

“ಆರಾ?”

“ತಡೀರಿ. ನಲವತ್ತು. ಅಲ್ಲ, ಮುನ್ನೂರು ದಾಟ್ತು.” ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಸಾವಿರದ ಮೇಲೆ ಹೋಯ್ತು ಸಾರ್. ಬಸವನಹುಳುಗಳೇ ಇಪ್ಪತ್ತೊಂದು ಇವೆ.”

ಮುಂಗಟ್ಟಿನಲ್ಲಿ ಇಟ್ಟದ್ದನ್ನು ಓದದೆಯೇ ಉಳಿಸಿಕೊಳ್ಳುವವರು ಸಾವಿರಾರು ಜನ. ಎಂದಾದರೂ ಬೇಕಾದೀತು ಎಂದು. ಆಯ್ಕೆ ಕೋಣೆಯಲ್ಲಿ ಅದೊಂದು ಹಳೆಯ ತಮಾಷೆ. ಎಲ್ಲೆಲ್ಲೋ ಬಸ್ಸುಗಳಲ್ಲಿ, ಅಡುಗೆಮನೆಗಳಲ್ಲಿ, ಕಚೇರಿಗಳಲ್ಲಿ ಕುಳಿತ ಜನ ಆ ಹೊತ್ತಿನಲ್ಲಿ ಒಂದು ಸಲ ಬೆರಳು ಒತ್ತಿ ಒಬ್ಬೊಬ್ಬರೂ ಒಬ್ಬೊಬ್ಬ ಕತ್ತರಿಯಾಗುತ್ತಿದ್ದರು.

ಯಜಮಾನ ಮತ್ತೆ ಆಯ್ಕೆ ಕೋಣೆಯ ಸಂಖ್ಯೆ ಒತ್ತಿ ಕೂಗಿದ. “ಚಿಕ್ಕಮ್ಮ, ತೆಗೀರಿ ಅದನ್ನ! ಈಗಿಂದೀಗ್ಲೇ!”

“ಯಾಕೆ ಸಾರ್? ಕನ್ನಡಕ ಜೋಡಿಸೋದು ಅಪರಾಧನಾ?”

“ನಿಮ್ಮ ಕೆಲಸ ಹೋಗುತ್ತೆ.”

“ಹೋಗ್ಲಿ ಬಿಡಿ. ಈ ಕೋಣೆಯಲ್ಲಿ ಕೆಲಸ ಹೋದ್ರೆ ಪರವಾಗಿಲ್ಲ, ಜೀವ ಹೋಗದಿದ್ರೆ ಸಾಕು.”

ಅವಳೇ ಫೋನಿಟ್ಟಳು.

“ಈಗ ಉಳಿಸಿದೋರನ್ನ ಬಿಟ್ಟು ಮೊದಲೇ ಉಳಿಸಿದೋರನ್ನ ತೆಗೀರಿ ಮೇಷ್ಟ್ರೇ! ಹತ್ತು ನಿಮಿಷದ ಹಿಂದೆ ಒಬ್ಬಳೇ ಇದ್ಳು!”

ಮೇಷ್ಟ್ರು ಮೊದಲ ಸಲ ತಲೆ ಎತ್ತಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ನಗುವನ್ನು ಎಲ್ಲಿ ಇಡಬೇಕೆಂದು ಗೊತ್ತಾಗದವರ ಮುಖ ಅದು.

“ಮೊದಲು ಯಾರು, ಆಮೇಲೆ ಯಾರು ಅಂತ ಹೇಳೋಕೆ ದಿನಾಂಕ ಬೇಕು ಸಾರ್. ಜಾಗ ಸಾಲ್ದು ಅಂತ ನೀವೇ ತೆಗೆಸಿದ್ರಲ್ಲ.”

ಯಜಮಾನ ಗೋಡೆಗೆ ಬಡಿದಿದ್ದ ಕುರ್ಚಿಯನ್ನು ಎಳೆದುಕೊಂಡು ಕುಳಿತ.

ಪತ್ತೇದಾರ ಕಂಪನಿ ಕೊಟ್ಟಿದ್ದ ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದು ವರದಿಯ ಮೇಲೆ ಇಟ್ಟ.

“ಸಹಿ ಹಾಕಲ್ಲ.”

“ಯೋಚನೆ ಮಾಡಿ,” ಎಂದ ಯಜಮಾನ. ದನಿ ಈಗ ಮತ್ತೆ ಮೆತ್ತಗಾಗಿತ್ತು. ಅದೇ ಹೆಚ್ಚು ಅಪಾಯದ ದನಿ. “ನಾಳೆ ಯಾರೋ ನಿಮ್ಮ ಹೆಸರು ಹುಡುಕ್ತಾರೆ. ಕೆಲಸ ಕೊಡೋರು, ಹೆಣ್ಣು ಕೊಡೋರು, ಸಾಲ ಕೊಡೋರು. ಅವರಿಗೆ ಮೊದಲು ಏನು ಕಾಣಬೇಕು ಅನ್ನೋದು ನನ್ನ ಕೈಲಿದೆ. ನಿಮ್ಮಂಥೋರ ಬಗ್ಗೆ ಜನ ಏನು ಮೆಚ್ಚಬೇಕು ಅನ್ನೋದೂನೂ.”

“ಕಾಣ್ಲಿ.”

“ಅಷ್ಟೇನಾ?”

“ನಾನು ಬಾಯಿ ಬಿಟ್ಟು ಆಡಿರೋ ಮಾತೇ ಕಮ್ಮಿ ಸಾರ್. ತಿರುಚೋಕೆ ನಿಮಗೆ ಸಾಮಾನು ಸಾಲಲ್ಲ.” ಬಾಗಿಲ ಬಳಿ ನಿಂತು ಅವನು ತಿರುಗಿದ. “ಇನ್ನೊಂದು. ಮನೆ ಮನೆ ಅಂದ್ರಿ. ಮನೇಲಿ ಒಬ್ಬರು ಕಾಣೆಯಾದ್ರೆ ಮೊದಲು ಹುಡುಕ್ತಾರೆ. ಸತ್ತಳು ಅಂತ ಸಹಿ ಮಾಡಿಸ್ಕೊಳ್ಳೋರನ್ನ ಮನೆಯೋರು ಅನ್ನಲ್ಲ.”

ಹೊರಗೆ ಬರುವಾಗ ಮೇಷ್ಟ್ರು ತಮ್ಮಷ್ಟಕ್ಕೆ ಅಂಕಿ ಓದುತ್ತಿದ್ದರು. “ಒಂಬತ್ತು ಸಾವಿರ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು.” ಯಾರೂ ಅವರನ್ನು ಗದರಲಿಲ್ಲ.

ಕೆಳಗೆ ಆಯ್ಕೆ ಕೋಣೆಯಲ್ಲಿ ಚಿಕ್ಕಮ್ಮ ತನ್ನ ಡಬ್ಬಿ, ಲೋಟ, ಮೇಜಿನ ಪುಟ್ಟ ಗಿಡ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದಳು. ಕೆನ್ನೆ ಕೆಂಪಾಗಿತ್ತು. ಹತ್ತು ವರ್ಷ ಚಿಕ್ಕವಳಾದಂತೆ ಕಂಡಳು.

“ನೋಡಿದ್ಯೇನೋ? ಊರಿಗೆ ಊರೇ ಬಾಗಿಲಿಗೆ ಎಣ್ಣೆ ಬಿಡ್ತಿದೆ! ಮುಂಗಟ್ಟು ಜೋಡಿಸಿ ಜೋಡಿಸಿ ಬೆನ್ನು ಬಿತ್ತು, ಇವತ್ತಿನಷ್ಟು ಒಳ್ಳೇ ಆಯ್ಕೆ ಯಾವತ್ತೂ ಮಾಡಿರ್ಲಿಲ್ಲ. ಆ ಮನುಷ್ಯನ ಮುಖ ಹೇಗಿತ್ತು ಹೇಳು, ಸ್ವಲ್ಪ ವಿವರವಾಗಿ ಹೇಳು.”

“ಚೆನ್ನಾಗಿತ್ತು.”

“ಇಷ್ಟೇನಾ? ನಿನ್ನ ಬಾಯಿಂದ ಕಥೆ ಕೇಳೋದೂ ಕಲ್ಲಿಂದ ನೀರು ಹಿಂಡೋದೂ ಒಂದೇ. ಕೂತ್ಕೋ, ಟೀ ತರ್ತೀನಿ. ಕೊನೇ ಟೀ, ಕಂಪನಿ ಖರ್ಚಲ್ಲೇ ಕುಡಿಯೋಣ.”

ಅವಳು ಎದ್ದು ಕೆಟಲ್ ಹತ್ತಿರ ಹೋದಳು. ಪತ್ತೇದಾರ ಕತ್ತರಿಯ ಖಾಲಿ ಮೇಜಿಗೆ ಒರಗಿ ನಿಂತು ತನ್ನ ಸ್ವಂತ ಫೋನು ತೆಗೆದ. ಅದರಲ್ಲಿ ಯಾವ ಖಾತೆಯೂ ಇರಲಿಲ್ಲ. ಬಸವನಹುಳುವಿನ ಸಂಗ್ರಹದ ಪುಟವೊಂದನ್ನು ನಿನ್ನೆಯೇ ತೆರೆದಿಟ್ಟಿದ್ದ, ಅಷ್ಟೆ. ಅಷ್ಟೊಂದು ಬಸವನಹುಳುಗಳ ನಡುವೆಯೂ ಅವನಿಗೆ ಬೇಕಾದದ್ದು ಅಲ್ಲಿತ್ತು.

ನಾಲ್ಕು ಪುಟ ಇದ್ದ ಕಡೆ ಈಗ ಐದು ಇದ್ದವು.

ಹೊಸದು: ‘ಬಾಡಿಗೆ ಕೋಣೆ ಬಿಡುವ ಮುನ್ನ ನೆನಪಿಡಬೇಕಾದ ಸಂಗತಿಗಳು.’

ಅವಳು ಹೊರಟಿದ್ದಾಳೆ. ಮುಂಗಟ್ಟಿನಲ್ಲಿ ತನ್ನದೇ ನಾಲ್ಕು ಪುಟ ಕಂಡು, ಯಾರೋ ತನ್ನನ್ನು ಜನರ ನಡುವೆ ಬಚ್ಚಿಡುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡಿದ್ದಾಳೆ.

ಆಮೇಲೆ ಅವನು ವಿಳಾಸ ನೋಡಿದ.

ಬಾಲ ಇತ್ತು.

ಉದ್ದನೆಯ ಬಾಲ, ಪರದೆಯ ಅಂಚು ದಾಟಿ ಹೋಗುವಷ್ಟು. ಹೆಸರು, ಮನೆ, ಊರು ಎಲ್ಲ ಬಿಟ್ಟರೂ ಇದೊಂದು ಚಟ ಬಿಡದವಳು, ಕೈತಪ್ಪಿ ಬಾಲ ಬಿಡುವವಳಲ್ಲ. ಬಿಟ್ಟಿದ್ದಾಳೆಂದರೆ ಯಾರಾದರೂ ಓದಲಿ ಎಂದು ಬಿಟ್ಟಿದ್ದಾಳೆ. ತನ್ನ ಸಂಗ್ರಹವನ್ನು ಒಬ್ಬ ಕಾಯುತ್ತಿದ್ದಾನೆ ಎಂದು ಗೊತ್ತಾಗಿಯೇ ಬಿಟ್ಟಿದ್ದಾಳೆ.

ಬೆರಳಿನಿಂದ ಸಾಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅಂಕಿಗಳು, ಅಕ್ಷರಗಳು, ಮತ್ತೆ ಅಂಕಿಗಳು. ಕೊನೆಯಲ್ಲಿ ಪುಟ ಹೊರಟ ಜಾಗ. ಆಯ್ಕೆ ಕೋಣೆ. ಕಿಟಕಿಯ ಮೇಜು. ಚಿಕ್ಕಮ್ಮನದು.

ಹಾಗಾದರೆ ಉಳಿದ ನಾಲ್ಕೂ? ಅವಳು ಬಾಲ ಕತ್ತರಿಸಿ ಉಳಿಸಿದ್ದ ಆ ನಾಲ್ಕನ್ನು ಕಳಿಸಿದವರು ಯಾರು? ಕನ್ನಡಕ ಮುರಿದದ್ದು ಬಲ್ಲವರು. ಬಾಗಿಲು ಸದ್ದು ಮಾಡುವುದು ಬಲ್ಲವರು.

ಇವಳನ್ನು ನಂಬು ಎಂದು ಕತ್ತರಿ ಹೇಳುತ್ತಿದ್ದಾಳೆಯೆ? ಇವಳಿಂದ ದೂರವಿರು ಎನ್ನುತ್ತಿದ್ದಾಳೆಯೆ? ಬಾಲ ಎಂದೂ ಅಷ್ಟೆಲ್ಲ ಹೇಳುವುದಿಲ್ಲ. ಯಾರು ಕಳಿಸಿದರು ಎಂದಷ್ಟೇ ಹೇಳುತ್ತದೆ.

“ಏನಾದ್ರೂ ಹೊಸದು ಉಳಿಸಿದಳಾ ನಮ್ಮ ಹುಚ್ಚಿ?” ಚಿಕ್ಕಮ್ಮ ಎರಡು ಲೋಟ ಹಿಡಿದು ಬಂದಳು. ಒಂದನ್ನು ಅವನ ಕೈಗೆ ಕೊಟ್ಟಳು. ಬೆರಳು ಸುಡುವಷ್ಟು ಬಿಸಿ ಇತ್ತು. “ಕ್ಷೇಮವಾಗಿದ್ದಾಳೆ ಅಲ್ವೇನೋ? ಅಷ್ಟು ಹೇಳು ಸಾಕು, ನನ್ನ ಜೀವಕ್ಕೆ ಸಮಾಧಾನ.”

ಅವಳ ಕಣ್ಣು ನಿಜವಾಗಿಯೂ ತುಂಬಿತ್ತು. ಬೆಳಿಗ್ಗೆ, ‘ಬದುಕಿದ್ದಾಳಾ?’ ಎಂದು ಕೇಳಿದಾಗಲೂ ಹೀಗೇ ತುಂಬಿತ್ತು.

ಅವನು ಫೋನನ್ನು ಜೇಬಿಗೆ ಇಳಿಸಿ, ಹೌದು ಎಂಬಂತೆ ತಲೆಯಾಡಿಸಿ ಟೀ ಕುಡಿದ. ಕೋಣೆ ಬಿಡುವ ಆ ಪುಟವನ್ನು ಕತ್ತರಿಗೆ ಕಳಿಸಿದ್ದು ಚಿಕ್ಕಮ್ಮನೇ ಎಂದು ತನಗೆ ಗೊತ್ತಾಗಿದೆ ಎಂಬುದನ್ನು ಅವನು ಹೇಳಲಿಲ್ಲ.